ನಾಲ್ಕನೆಯ ಗೋಡೆಯ ಒಂದು ಮಣಿ

ಮಣಿಯ ಕೆಲಸವನ್ನು ಕುರಿತು ಸೋದರಿಯರು ಬರೆಯುವ ಓಲೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಒಕ್ಕಣೆ ಬೇರೆ ಬೇರೆಯಾದರೂ ಒಳಗಿನ ಅಳಲು ಒಂದೇ. ಮಣಿ ಪೋಣಿಸಿ ಸರ ಮಾಡಲು ಬರುತ್ತದೆ. ಚಪ್ಪಟೆಯಾದ ಪಟ್ಟಿಯನ್ನು ಹೆಣೆಯಲೂ ಬರುತ್ತದೆ. ಆದರೆ ನಾಲ್ಕು ಮೈಯುಳ್ಳ, ಮರದ ಕಡ್ಡಿಯಂತೆ ಗಟ್ಟಿಯಾಗಿ ನಿಲ್ಲುವ ಬಳೆಯೊಂದನ್ನು ಹೆಣೆಯೋಣವೆಂದು ಪುಸ್ತಕ ತೆರೆದು ಕುಳಿತರೆ ಮೂರು ಬದಿಗಳು ನೆಟ್ಟಗೆ ನಿಂತು ನಾಲ್ಕನೆಯದು ವಾಲಿಕೊಳ್ಳುತ್ತದೆ. ಬಿಚ್ಚಿ ಬಿಚ್ಚಿ ದಾರ ಸವೆದುಹೋಗುತ್ತದೆ. ಊರಿನಲ್ಲಿ ವಿಚಾರಿಸಿದರೆ ಆ ಹೆಣಿಗೆಯ ಹೆಸರನ್ನೇ ಯಾರೂ ಕೇಳಿರುವುದಿಲ್ಲ. ಹೀಗಿರುವಾಗ ಸಹಾಯಕ್ಕೆ ಯಾರನ್ನು ಹುಡುಕಬೇಕು?

ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಕೈಗೆಲಸದಲ್ಲಿ ಆಸಕ್ತಿಯುಳ್ಳ ಎಷ್ಟೋ ಮಂದಿ ಇಂಥದೊಂದು ತಿರುವಿನಲ್ಲಿಯೇ ಕೆಲಸವನ್ನು ಡಬ್ಬಿಗೆ ಹಾಕಿ ಮುಚ್ಚಿಬಿಡುತ್ತಾರೆ. ತಮಗೆ ಆ ಬುದ್ಧಿ ಇಲ್ಲವೆಂದುಕೊಳ್ಳುತ್ತಾರೆ. ನಿಜವಾಗಿ ಕೊರತೆಯಾದುದು ಬುದ್ಧಿಯಲ್ಲ. ಪಕ್ಕದಲ್ಲಿ ಕುಳಿತು, "ಈಗ ಸೂಜಿಯನ್ನು ಈ ಮಣಿಯೊಳಗೆ ಹಾಯಿಸು" ಎಂದು ಹೇಳುವ ಒಂದು ಬಾಯಿ. ಆ ಬಾಯಿಯನ್ನು ಎಲ್ಲಿ ಹುಡುಕಬೇಕು, ಹುಡುಕಿಕೊಂಡು ಹೋಗುವಾಗ ಕೈಯಲ್ಲಿ ಏನನ್ನು ಹಿಡಿದುಕೊಂಡು ಹೋಗಬೇಕು ಎಂಬುದನ್ನು ಈ ಸಲ ವಿಚಾರ ಮಾಡೋಣ.

ಬಟ್ಟೆಯಿಲ್ಲದ ನೇಯ್ಗೆ

ಮೊದಲು ಒಂದು ಭೇದವನ್ನು ತಿಳಿದುಕೊಳ್ಳಬೇಕು. ಬಟ್ಟೆಯ ಮೇಲೆ ಮಣಿಗಳನ್ನು ಹೊಲಿಯುವುದು ಒಂದು ಕೆಲಸ. ಬಟ್ಟೆಯೇ ಇಲ್ಲದೆ ಮಣಿಗಳನ್ನು ಒಂದಕ್ಕೊಂದು ಹೆಣೆದು ಅವುಗಳಿಂದಲೇ ಬಟ್ಟೆಯಂಥ ವಸ್ತುವನ್ನು ಮಾಡುವುದು ಇನ್ನೊಂದು ಕೆಲಸ. ಸಂಡೂರಿನ ಲಂಬಾಣಿ ಮಹಿಳೆಯರ ಕನ್ನಡಿ, ಕವಡೆಗಳ ಬಣ್ಣಬಣ್ಣದ ಕೆಲಸ ಮೊದಲನೆಯ ಜಾತಿಗೆ ಸೇರಿದ್ದು. ಸೌರಾಷ್ಟ್ರದ ಮನೆಗಳ ಬಾಗಿಲ ಮೇಲೆ ತೂಗುವ ಮಣಿಯ ತೋರಣ ಎರಡನೆಯ ಜಾತಿಗೆ ಸೇರಿದ್ದು. ಅಲ್ಲಿಯವರು ಅದನ್ನು ಮೋತಿ ಭರತ ಎನ್ನುತ್ತಾರೆ. ಭರತವೆಂದರೆ ಕಸೂತಿ. ಆದರೂ ಬಿಳಿಯ ಮಣಿಗಳ ನೆಲದ ಮೇಲೆ ಆನೆ, ಕುದುರೆ, ಹೂಬಳ್ಳಿಗಳು ಮೂಡುವುದು ಬಟ್ಟೆಯ ಆಧಾರದಿಂದಲ್ಲ. ಸೂಜಿ ದಾರಗಳು ಮಣಿಯಿಂದ ಮಣಿಗೆ ನಡೆದ ದಾರಿಯಿಂದ. ಹೆಸರನ್ನು ನಂಬಿ ಕೆಲಸವನ್ನು ಊಹಿಸಬಾರದೆಂಬುದಕ್ಕೆ ಇದೊಂದು ನಿದರ್ಶನ. ಕಸೂತಿ ಕಲಿಸುವವರ ಬಳಿಗೆ ಮಣಿ ಹೆಣಿಗೆಯ ತೊಡಕನ್ನು ಒಯ್ದು ನಿರಾಶೆಯಿಂದ ಹಿಂದಿರುಗುವುದೂ ಈ ಭೇದ ತಿಳಿಯದೆಯೇ.

ಮಣಿ ಹೆಣಿಗೆ ಕಷ್ಟವೆನಿಸುವುದೇಕೆ? ಸ್ವೆಟರ್ ಹೆಣೆಯುವಾಗ ಉಣ್ಣೆಯ ಎಳೆ ಕಣ್ಣೆದುರಿಗೇ ಇರುತ್ತದೆ. ತಪ್ಪಿದ ಕಣ್ಣನ್ನು ನೋಡಿ ಹಿಡಿಯಬಹುದು. ಮಣಿಯಲ್ಲಾದರೋ ದಾರ ಮಣಿಯ ಹೊಟ್ಟೆಯಲ್ಲಿ ಅಡಗಿಕೊಂಡು ಹೋಗುತ್ತದೆ. ಮುಗಿದ ವಸ್ತುವನ್ನು ಎಷ್ಟು ತಿರುಗಿಸಿ ನೋಡಿದರೂ ಮಣಿಗಳು ಎಲ್ಲಿವೆಯೆಂಬುದು ತಿಳಿದೀತೇ ಹೊರತು ದಾರ ಯಾವ ಕಡೆಯಿಂದ ಹೊಕ್ಕು ಯಾವ ಕಡೆಗೆ ಹೊರಟಿತೆಂಬುದು ಸುಲಭವಾಗಿ ತಿಳಿಯದು. ಈ ಕಲೆಯಲ್ಲಿ ಕಲಿಯಬೇಕಾದುದೆಲ್ಲ ಆ ದಾರಿಯೇ.

ದಾರಿ ಎಷ್ಟು ಬೇಗ ಅಳಿಯುತ್ತದೆಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಅಮೆರಿಕದ ಬಾಸ್ಟನ್ ನಗರದ ಲಲಿತಕಲೆಗಳ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಮಣಿಬಲೆಯ ಉಡುಪೊಂದನ್ನು ಇಟ್ಟಿದ್ದಾರೆ. 1927ರಲ್ಲಿ ಗೀಜಾದ ಸಮಾಧಿಯೊಂದರಲ್ಲಿ ದೊರೆತ ಅದು ಖೂಫು ದೊರೆಯ ಕಾಲದ್ದು. ಸುಮಾರು 4500 ವರ್ಷಗಳಷ್ಟು ಹಳೆಯದು. ಮಣಿಗಳು ಉಳಿದಿದ್ದವು; ದಾರ ಪುಡಿಯಾಗಿ ಹೋಗಿತ್ತು. ಕೆಲವು ಮಣಿಗಳು ಮೊದಲಿದ್ದ ಜಾಗದಲ್ಲಿಯೇ ಬಿದ್ದಿದ್ದುದರಿಂದ ಬಲೆಯ ವಿನ್ಯಾಸವನ್ನು ಮತ್ತೆ ಕಟ್ಟಲು ಸಾಧ್ಯವಾಯಿತು. ನಮ್ಮ ಮನೆಗಳ ಹಳೆಯ ತೋರಣಗಳ ಹಣೆಬರಹವೂ ಇದೇ. ಹತ್ತಿಯ ದಾರ ಕೊಳೆತು ತುಂಡಾಗುತ್ತದೆ. ಗಾಜಿನ ಮಣಿಗಳು ಹಿತ್ತಾಳೆಯ ಡಬ್ಬಿಯೊಂದರಲ್ಲಿ ರಾಶಿಯಾಗಿ ಉಳಿಯುತ್ತವೆ. ಹೆಣೆದ ಕೈ ಇರುವಷ್ಟು ದಿನ ಮಾತ್ರ ಆ ದಾರಿಯನ್ನು ಕೇಳಿ ತಿಳಿಯಬಹುದು.

ಹಿತ್ತಲ ಗಿಡ

ಮೇಲೆ ಹೇಳಿದ ನಾಲ್ಕು ಮೈಯ ಬಳೆಯ ಹೆಣಿಗೆಗೆ ಇಂಗ್ಲಿಷ್ ಪುಸ್ತಕಗಳಲ್ಲಿ ಕ್ಯೂಬಿಕ್ ರೈಟ್ ಆಂಗಲ್ ವೀವ್ ಎಂದು ಹೆಸರು. ಲಂಬಕೋನದ ಹೆಣಿಗೆಯನ್ನು ಘನಾಕಾರಕ್ಕೆ ಏರಿಸಿದ್ದು ಎಂದು ಅರ್ಥ ಮಾಡಿಕೊಳ್ಳಬಹುದು. ಈ ಉದ್ದದ ಹೆಸರನ್ನು ಹೇಳಿಕೊಂಡು ಬೀದಿಯಲ್ಲಿ ಸಹಾಯ ಕೇಳಿದರೆ ಯಾರಿಗೆ ತಾನೇ ತಿಳಿದೀತು? ಆದರೆ ಹೆಸರು ತಿಳಿಯದವರಿಗೆ ಕೆಲಸವೂ ತಿಳಿಯದೆಂದು ತೀರ್ಮಾನಿಸಿದರೆ ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವೇ ನಿಜ ಮಾಡಿದಂತಾಗುತ್ತದೆ.

ನಮ್ಮ ಊರುಗಳ ಮನೆಗಳಲ್ಲಿ ಗಾಜಿನ ಬೀರುವಿನೊಳಗೆ ಪ್ಲಾಸ್ಟಿಕ್ ಮಣಿಯ ಗಣಪತಿ, ನಾಯಿಮರಿ, ಅನಾನಸು, ಕೈಚೀಲಗಳನ್ನು ನೋಡದವರಿಲ್ಲ. ನೈಲಾನ್ ದಾರದ ಎರಡು ತುದಿಗಳನ್ನೂ ಹಿಡಿದು, ಒಂದೇ ಮಣಿಯೊಳಗೆ ಎದುರುಬದುರಾಗಿ ಹಾಯಿಸಿ ಎಳೆಯುತ್ತ ಅವನ್ನು ಹೆಣೆಯುತ್ತಾರೆ. ಹಾಗೆ ಹೆಣೆದ ಚೀಲದ ಮೈಯನ್ನು ಹತ್ತಿರದಿಂದ ನೋಡಿರಿ. ಅನೇಕ ಚೀಲಗಳಲ್ಲಿ ನಾಲ್ಕು ನಾಲ್ಕು ಮಣಿಗಳ ಚೌಕಗಳು ಒಂದರ ಪಕ್ಕಕ್ಕೆ ಒಂದು ಗೋಡೆ ಹಂಚಿಕೊಂಡು ನಿಂತಿರುತ್ತವೆ. ಇದೇ ಲಂಬಕೋನದ ಹೆಣಿಗೆ. ಗೊಂಬೆಯೊಂದರ ಚೌಕನೆಯ ಕಾಲನ್ನು ಹೆಣೆಯಬಲ್ಲವರಿಗೆ ಘನಾಕಾರದ ಹೆಣಿಗೆಯೂ ಗೊತ್ತೆಂದೇ ಲೆಕ್ಕ. ಎರಡು ತುದಿಯ ಕ್ರಮಕ್ಕೂ ಒಂದು ಸೂಜಿಯ ಕ್ರಮಕ್ಕೂ ದಾರದ ನಡಿಗೆಯಲ್ಲಿ ವ್ಯತ್ಯಾಸವಿದೆಯೇ ಹೊರತು ಮಣಿಗಳ ಲೆಕ್ಕದಲ್ಲಿಲ್ಲ. ಅವರು ಇದನ್ನು "ನಾಲ್ಕು ಮಣಿಯದು" ಎಂದೋ "ಡಬ್ಬಿ" ಎಂದೋ ಕರೆದಾರು, ಹೆಸರಿಡದೆಯೂ ಇದ್ದಾರು.

ಆದುದರಿಂದ ಹೆಸರನ್ನು ಹಿಡಿದು ಹುಡುಕಬೇಡಿರಿ; ವಸ್ತುವನ್ನು ಹಿಡಿದು ಹುಡುಕಿರಿ. ದಸರೆಯ ಗೊಂಬೆ ನೋಡಲು ಹೋದ ಮನೆಯಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಮಣಿಯ ವಸ್ತುವೇನಾದರೂ ಇದ್ದರೆ, "ಇದನ್ನು ಹೆಣೆದವರು ಯಾರಮ್ಮ?" ಎಂದು ಕೇಳಿರಿ. ಒಮ್ಮೊಮ್ಮೆ ಒಳಮನೆಯ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತ ಅತ್ತೆಯವರತ್ತ ಮನೆಯಾಕೆ ಕೈ ತೋರಿಸಿಯಾಳು. ಮಣಿ, ಟಿಕಳಿಗಳನ್ನು ಮಾರುವ ಅಂಗಡಿಯವನಿಗೆ ಹೆಣೆಯಲು ಬಾರದಿದ್ದರೂ ತನ್ನಲ್ಲಿ ನೈಲಾನ್ ದಾರವನ್ನು ಸುರುಳಿಗಟ್ಟಲೆ ಕೊಳ್ಳುವವರು ಯಾರೆಂಬುದು ಗೊತ್ತಿರುತ್ತದೆ. ಮಹಿಳಾ ಸಮಾಜದ ಹೊಲಿಗೆ ತರಗತಿ, ಶಾಲೆಯಲ್ಲಿ ಕೈಗೆಲಸ ಕಲಿಸಿ ನಿವೃತ್ತರಾದ ಉಪಾಧ್ಯಾಯಿನಿಯರು, ಇವೂ ವಿಚಾರಿಸತಕ್ಕ ಸ್ಥಳಗಳೇ.

ಮನೆ ಕಟ್ಟುವ ಲೆಕ್ಕ

ಸಹಾಯ ಕೇಳಲು ಹೊರಡುವ ಮುನ್ನ ತೊಡಕು ಎಲ್ಲಿದೆಯೆಂಬುದನ್ನು ನಾವೇ ಗುರುತಿಸಿಕೊಂಡರೆ ಅರ್ಧ ದಾರಿ ಸಾಗಿದಂತೆ. ಅದಕ್ಕಾಗಿ ಈ ಹೆಣಿಗೆಯ ಲೆಕ್ಕವನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಚಪ್ಪಟೆಯ ಪಟ್ಟಿಯಲ್ಲಿ ಮೊದಲ ಚೌಕಕ್ಕೆ ನಾಲ್ಕು ಮಣಿ. ದಾರವನ್ನು ಸುತ್ತಿ ತಂದು, ಮುಂದಿನ ಚೌಕಕ್ಕೆ ಗೋಡೆಯಾಗಬೇಕಾದ ಮಣಿಯಿಂದ ಹೊರಡಿಸಬೇಕು. ಎರಡನೆಯ ಚೌಕಕ್ಕೆ ಆ ಗೋಡೆ ಆಗಲೇ ಇರುವುದರಿಂದ ಮೂರೇ ಹೊಸ ಮಣಿ ಸಾಕು. ಮೂರನ್ನು ಎತ್ತಿಕೊಂಡು, ಹೊರಟ ಮಣಿಯೊಳಗೇ ಮತ್ತೆ ಹಾಯಿಸಿ, ಹೊಸ ಮಣಿಗಳಲ್ಲಿ ಎರಡನ್ನು ದಾಟಿದರೆ ಮುಂದಿನ ಗೋಡೆ ಸಿಕ್ಕುತ್ತದೆ. ಎರಡನೆಯ ಸಾಲಿಗೆ ಇಳಿದಾಗ ಮೊದಲ ಚೌಕಕ್ಕೆ ಮೂರು, ಅನಂತರದವಕ್ಕೆ ಎರಡೆರಡು. ಏಕೆಂದರೆ ಮೇಲಿನ ಸಾಲಿನದೊಂದು, ಪಕ್ಕದ ಚೌಕದ್ದೊಂದು ಮಣಿ ಆಗಲೇ ಸಿದ್ಧವಾಗಿರುತ್ತವೆ. ಒಂದು ಚೌಕವನ್ನು ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಮುಂದಿನದನ್ನು ಅದಕ್ಕೆ ವಿರುದ್ಧವಾಗಿ ಸುತ್ತಬೇಕಾಗುತ್ತದೆ. ಒಂದು ಚೌಕದಿಂದ ಇನ್ನೊಂದಕ್ಕೆ ದಾರ ನೇರವಾಗಿ ಹಾರಕೂಡದು. ಮೂಲೆಯಲ್ಲಿ ತಿರುಗಿಯೇ ಹೋಗಬೇಕು. ಹೆಸರಿನಲ್ಲಿರುವ ಲಂಬಕೋನ ಇದೇ.

ಇನ್ನು ಘನಾಕಾರ. ಇದನ್ನು ಹಳೆಯ ಕಾಲದ ಕಂಬದ ಮನೆಯೊಂದನ್ನು ಕಟ್ಟುವಂತೆ ಭಾವಿಸಿಕೊಂಡರೆ ಸುಲಭ. ಕೆಳಗಿನ ನಾಲ್ಕು ಮಣಿಗಳು ನಾಲ್ಕು ಹೊಸ್ತಿಲುಗಳು. ನಿಂತ ನಾಲ್ಕು ಮಣಿಗಳು ಕಂಬಗಳು. ಮೇಲಿನ ನಾಲ್ಕು ತೊಲೆಗಳು. ಒಟ್ಟು 12 ಮಣಿ. ಹೊಸ್ತಿಲು ತೊಲೆಗಳಿಗೆ ಕೆಂಪು ಮಣಿ, ಕಂಬಗಳಿಗೆ ಬಿಳಿಯ ಮಣಿ ಎಂದು ಆರಿಸಿಕೊಳ್ಳಿರಿ. ಕಲಿಯುವಾಗ ಒಂದೇ ಬಣ್ಣದ ಮಣಿ ಕೂಡದು.

ನಾಲ್ಕು ಕೆಂಪು ಮಣಿಗಳನ್ನು ಪೋಣಿಸಿ ಉಂಗುರ ಮಾಡಿ ಗಂಟು ಹಾಕಿ, ಒಂದು ಹೊಸ್ತಿಲಿನಿಂದ ದಾರವನ್ನು ಹೊರಡಿಸಿರಿ. ಪ್ರತಿಯೊಂದು ಗೋಡೆಗೂ ನಿಯಮ ಒಂದೇ: ಹೊಸ್ತಿಲಿನಿಂದ ಹೊರಟು, ಒಂದು ಕಂಬ ಹತ್ತಿ, ತೊಲೆ ದಾಟಿ, ಇನ್ನೊಂದು ಕಂಬ ಇಳಿದು, ಹೊರಟ ಹೊಸ್ತಿಲಿಗೇ ಬರುವುದು, ಬಳಿಕ ಮುಂದಿನ ಹೊಸ್ತಿಲಿಗೆ ನಡೆಯುವುದು. ಇದ್ದ ಕಂಬವನ್ನು ಬಳಸಿಕೊಳ್ಳಬೇಕು. ಇಲ್ಲದ್ದನ್ನು ಮಾತ್ರ ಹೊಸದಾಗಿ ಎತ್ತಿಕೊಳ್ಳಬೇಕು.

ಮೊದಲ ಗೋಡೆಗೆ ಯಾವ ಕಂಬವೂ ಇಲ್ಲ. ಆದುದರಿಂದ ಮೂರು ಮಣಿ: ಬಿಳಿ, ಕೆಂಪು, ಬಿಳಿ. ಹೊರಟ ಹೊಸ್ತಿಲಿನೊಳಗೆ ಮತ್ತೆ ಹಾಯಿಸಿ ಮುಂದಿನ ಹೊಸ್ತಿಲಿಗೆ ಹೋಗಿರಿ. ಎರಡನೆಯ ಗೋಡೆಗೆ ಒಂದು ಕಂಬ ಸಿದ್ಧವಾಗಿದೆ. ಆದುದರಿಂದ ಎರಡು ಮಣಿ: ಬಿಳಿ, ಕೆಂಪು. ಅವನ್ನು ಎತ್ತಿಕೊಂಡು ಸಿದ್ಧವಾಗಿರುವ ಕಂಬವನ್ನು ಮೇಲಿನಿಂದ ಇಳಿದು ಹೊಸ್ತಿಲಿಗೆ ಬನ್ನಿರಿ. ಮೂರನೆಯ ಗೋಡೆಯೂ ಹೀಗೆಯೇ: ಬಿಳಿ, ಕೆಂಪು. ನಾಲ್ಕನೆಯ ಗೋಡೆಗೆ ಬಂದಾಗ ಎರಡೂ ಕಂಬಗಳು ಎದ್ದು ನಿಂತಿವೆ. ಬೇಕಾಗಿರುವುದು ತೊಲೆಯೊಂದೇ. ಮೊದಲ ಗೋಡೆಯ ಕಂಬವನ್ನು ಕೆಳಗಿನಿಂದ ಹತ್ತಿ, ಒಂದೇ ಒಂದು ಕೆಂಪು ಮಣಿಯನ್ನು ಎತ್ತಿಕೊಂಡು, ಮೂರನೆಯ ಗೋಡೆಯ ಕಂಬವನ್ನು ಇಳಿದು ಹೊಸ್ತಿಲಿಗೆ ಬರಬೇಕು.

ಮೂರು, ಎರಡು, ಎರಡು, ಒಂದು. ಇದಿಷ್ಟೇ ಈ ಹೆಣಿಗೆಯ ಮಂತ್ರ. ಕೊನೆಗೆ ಒಂದು ಕಂಬವನ್ನು ಹತ್ತಿ ಮೇಲಕ್ಕೆ ಬಂದು, ನಾಲ್ಕು ತೊಲೆಗಳನ್ನೂ ಸುತ್ತಿ ದಾರವನ್ನು ಬಿಗಿಯಬೇಕು. ಆಗ ಅದುವರೆಗೆ ಬಾಯಿ ಬಿಟ್ಟುಕೊಂಡಿದ್ದ ಮನೆ ತಟ್ಟನೆ ಗಟ್ಟಿಯಾಗಿ ನಿಲ್ಲುತ್ತದೆ. ಕೆಳಗಿನ ಮನೆಯ ತೊಲೆಗಳೇ ಉಪ್ಪರಿಗೆಗೆ ಹೊಸ್ತಿಲುಗಳಾಗುವುದರಿಂದ ಮುಂದಿನ ಪ್ರತಿಯೊಂದು ಮನೆಗೂ ಎಂಟೇ ಮಣಿ. ಹತ್ತು ಮನೆಗಳಾದಾಗ ಎಣಿಸಿದರೆ 84 ಮಣಿಗಳಿರಬೇಕು. ಒಂದು ಹೆಚ್ಚಿದರೂ ಕಡಮೆಯಾದರೂ ಎಲ್ಲಿಯೋ ದಾರಿ ತಪ್ಪಿದೆಯೆಂದು ತಿಳಿಯಬೇಕು.

ನಾಲ್ಕನೆಯ ಬದಿ ವಾಲುವ ಕಾರಣ ಈಗ ಸ್ಪಷ್ಟವಾಯಿತಷ್ಟೆ. ಮೂರು ಗೋಡೆಗಳ ಅಭ್ಯಾಸದ ಓಟದಲ್ಲಿ ಕೈ ಇನ್ನೊಂದು ಬಿಳಿಯ ಮಣಿಯನ್ನು ಎತ್ತಿಕೊಂಡುಬಿಡುತ್ತದೆ. ಎರಡು ಕಂಬ ಸಾಕಾದಲ್ಲಿ ಮೂರಾಗುತ್ತವೆ. ಗೋಡೆ ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಇಲ್ಲವಾದರೆ ನಾಲ್ಕು ತೊಲೆಗಳನ್ನು ಸುತ್ತಿ ಬಿಗಿಯುವುದನ್ನು ಮರೆತು ಉಪ್ಪರಿಗೆಗೆ ಹೊರಟಿರುತ್ತೇವೆ. ಸೊಟ್ಟಗಾಗುವ ಕೆಲಸಗಳಲ್ಲಿ ಬಹುಪಾಲಿಗೆ ಈ ಎರಡರಲ್ಲೊಂದೇ ಕಾರಣ.

ಧಾರವಾಡದ ಕಡೆಯ ಕಸೂತಿ ಬಲ್ಲವರಿಗೆ ಈ ಬಗೆಯ ಆಲೋಚನೆ ಹೊಸದಲ್ಲ. ಗವಂತಿಯಲ್ಲಿ ಸೂಜಿ ಬಿಟ್ಟು ಬಿಟ್ಟು ಹೋಗಿ, ಬಿಟ್ಟ ಜಾಗವನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಗಂಟು ಹಾಕುವಂತಿಲ್ಲ, ಎರಡು ಮೈಯೂ ಒಂದೇ ತೆರನಾಗಿ ಕಾಣಬೇಕು. ಹೊರಡುವಾಗಲೇ ಹಿಂದಿರುಗುವ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಚುಕ್ಕಿಗಳನ್ನು ಬಳಸಿಕೊಂಡು ಒಂದೇ ಎಳೆಯಲ್ಲಿ ರಂಗೋಲಿ ಬಿಡುವವರಿಗೂ ಈ ಎಚ್ಚರ ಇದ್ದೇ ಇರುತ್ತದೆ. ಮಣಿ ಹೆಣಿಗೆಯನ್ನು ಕಾಣದ ಅಜ್ಜಿಯಾದರೂ ಕಸೂತಿಯಲ್ಲಿ ನುರಿತವರಾದರೆ ನಿಮ್ಮ ತೊಡಕನ್ನು ಅವರ ಮುಂದೆ ಇಡಿರಿ. ಲೆಕ್ಕವನ್ನು ಬಾಯಿಬಿಟ್ಟು ಹೇಳಿದರೆ ದಾರಿಯನ್ನು ಅವರು ಹುಡುಕಿಕೊಟ್ಟಾರು.

ಕೇಳಲು ಹೋಗುವಾಗ

ಸಹಾಯ ಕೇಳುವುದಕ್ಕೂ ಒಂದು ಸಿದ್ಧತೆ ಬೇಕು. ಬರಿಗೈಯಲ್ಲಿ ಹೋಗಿ, "ನನಗೆ ಮಣಿ ಹೆಣಿಗೆ ಬರುವುದಿಲ್ಲ, ಹೇಳಿಕೊಡಿ" ಎಂದರೆ ಎದುರಿನವರು ಎಲ್ಲಿಂದ ಆರಂಭಿಸಬೇಕು? ಅವರು ತಮಗೆ ತಿಳಿದುದನ್ನೆಲ್ಲ ಹೇಳುತ್ತಾರೆ. ನಮಗೆ ಬೇಕಾದುದೊಂದು ಉಳಿದುಹೋಗುತ್ತದೆ. ಈ ಕೆಲವು ಅಂಶಗಳನ್ನು ನೆನಪಿನಲ್ಲಿಡಿರಿ.

1. ಕೆಟ್ಟ ಕೆಲಸವನ್ನು ಬಿಚ್ಚದೆ ಹಾಗೆಯೇ ತೆಗೆದುಕೊಂಡು ಹೋಗಿರಿ. ನಾಚಿಕೆಯಿಂದ ಕತ್ತರಿಸಿ ಎಸೆದರೆ ತಪ್ಪಿನ ಸಾಕ್ಷಿಯೇ ಹೋಯಿತು. ಬಲ್ಲವರು ಅದನ್ನು ಬೆರಳಿನಲ್ಲಿ ತಿರುಗಿಸಿದ ಮಾತ್ರಕ್ಕೆ ಎಲ್ಲಿ ಒಂದು ಮಣಿ ಹೆಚ್ಚಾಯಿತೆಂದು ಹೇಳಬಲ್ಲರು.

2. ಸರಿಯಾಗಿ ಬಂದಷ್ಟನ್ನು ಬೇರೆಯಾಗಿ ಹೆಣೆದು ಅದನ್ನೂ ಒಯ್ಯಿರಿ. ಎರಡನ್ನೂ ಪಕ್ಕದಲ್ಲಿಟ್ಟಾಗ ತೊಡಕು ಆರಂಭವಾದ ಜಾಗ ಕಣ್ಣಿಗೆ ಬೀಳುತ್ತದೆ.

3. ಪ್ರಶ್ನೆ ಒಂದೇ ಇರಲಿ; ಖಚಿತವಾಗಿರಲಿ. "ಮೂರನೆಯ ಗೋಡೆಯವರೆಗೆ ಬಂದೆ, ದಾರ ಈ ಹೊಸ್ತಿಲಿನಿಂದ ಹೊರಟಿದೆ, ಈಗ ಎಡಗಡೆಯ ಕಂಬಕ್ಕೋ ಬಲಗಡೆಯ ಕಂಬಕ್ಕೋ?" ಎಂದು ಕೇಳಿದವರಿಗೆ ಉತ್ತರ ಎರಡು ನಿಮಿಷದಲ್ಲಿ ದೊರೆಯುತ್ತದೆ.

4. ದೊಡ್ಡ ಮಣಿಗಳಲ್ಲಿ ಕಲಿಯಿರಿ. ಗಾಜಿನ ಸಣ್ಣ ಮಣಿಗಳಿಗೆ ಸಂಖ್ಯೆ ಹೆಚ್ಚಿದಂತೆಲ್ಲ ಗಾತ್ರ ಕುಗ್ಗುತ್ತದೆ. 11ನೆಯ ಸಂಖ್ಯೆಯ ಮಣಿ ಸುಮಾರು 2 ಮಿಲಿಮೀಟರ್. 8ನೆಯ ಸಂಖ್ಯೆಯದು ಸುಮಾರು 3 ಮಿಲಿಮೀಟರ್. ಕಲಿಯುವ ಕೈಗೂ ಕಲಿಸುವ ಹಿರಿಯರ ಕಣ್ಣಿಗೂ 8ನೆಯದೋ ಅದಕ್ಕಿಂತ ದೊಡ್ಡದೋ ಹಿತ. ರಾಶಿಯಲ್ಲಿ ತೀರ ದಪ್ಪವಾದುದನ್ನೂ ತೀರ ತೆಳುವಾದುದನ್ನೂ ಆಯ್ದು ತೆಗೆಯಿರಿ. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟೇ ಅದು ಅಗತ್ಯ.

5. ದಾರಕ್ಕೆ ಜೇನುಮೇಣವನ್ನು ಸವರಿಕೊಂಡರೆ ಸಿಕ್ಕುಗಟ್ಟುವುದು ಕಡಮೆಯಾಗುತ್ತದೆ. ಮಣಿಯೊಳಗೆ ಆಗಲೇ ಇರುವ ದಾರವನ್ನು ಸೂಜಿಯ ಮೊನೆಯಿಂದ ಚುಚ್ಚದಂತೆ ನೋಡಿಕೊಳ್ಳಬೇಕು. ಚುಚ್ಚಿದ ದಾರವನ್ನು ಮುಂದೆ ಬಿಚ್ಚುವುದು ಬಹು ಪ್ರಯಾಸ.

6. ಕಲಿಸುವವರ ಎದುರಿಗೆ ಕೂರಬೇಡಿರಿ, ಪಕ್ಕದಲ್ಲಿ ಕೂರಿರಿ. ಎದುರಿಗೆ ಕುಳಿತರೆ ಅವರ ಬಲ ನಿಮ್ಮ ಎಡವಾಗುತ್ತದೆ. ದಾರದ ದಿಕ್ಕೇ ಮುಖ್ಯವಾದ ಈ ಕೆಲಸದಲ್ಲಿ ಅದು ದೊಡ್ಡ ಗೊಂದಲಕ್ಕೆ ಕಾರಣ. ಎಡಗೈಯಲ್ಲಿ ಸೂಜಿ ಹಿಡಿಯುವವರು ಮಾತ್ರ ಎದುರಿಗೆ ಕುಳಿತು ಕನ್ನಡಿಯಲ್ಲಿ ನೋಡಿದಂತೆ ಕಲಿಯುವುದುಂಟು.

ಈಗ ಮೊಬೈಲಿನ ತೆರೆಯ ಮೇಲೆಯೇ ಪಾಠಗಳು ಹೇರಳವಾಗಿ ದೊರೆಯುತ್ತವೆ. ಅವುಗಳಿಂದಾಗುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಬೇಕಾದಲ್ಲಿ ನಿಲ್ಲಿಸಬಹುದು, ಹತ್ತು ಸಲ ಹಿಂದಕ್ಕೆ ತಿರುಗಿಸಬಹುದು, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಹೆಸರು ಹಿಡಿದು ಹುಡುಕುವುದು ಉಪಯೋಗಕ್ಕೆ ಬರುವುದು ಇಲ್ಲಿಯೇ. ಆದರೆ ಆ ತೆರೆ ನಮ್ಮ ಕೈಯನ್ನು ನೋಡಲಾರದು. ನಾಲ್ಕನೆಯ ಗೋಡೆಗೆ ನಾವು ಎರಡು ಮಣಿ ಎತ್ತಿಕೊಂಡರೂ ಅದು "ಅಯ್ಯೋ, ನಿಲ್ಲು" ಎನ್ನದೆ ತನ್ನ ಪಾಡಿಗೆ ಮುಂದಕ್ಕೆ ಸಾಗುತ್ತದೆ. ಮೊದಲು ತೆರೆಯಲ್ಲಿ ನೋಡಿ, ಹೆಣೆದು, ಸಿಕ್ಕಿಕೊಂಡ ಜಾಗವನ್ನು ಗುರುತಿಸಿಕೊಂಡು ಅನಂತರ ಮನುಷ್ಯರ ಬಳಿಗೆ ಹೋಗುವುದು ಲೇಸು. ಒಂದನ್ನೊಂದು ತುಂಬಿಕೊಡುವ ಸಾಧನಗಳಿವು.

ಬಲ್ಲವರಿಗೊಂದು ಮಾತು

ಇದುವರೆಗೆ ಹೇಳಿದುದು ಕಲಿಯುವವರಿಗಾಯಿತು. ಕಲಿಸಬಲ್ಲವರಿಗೂ ಒಂದು ಮಾತು ಹೇಳದಿದ್ದರೆ ವಿಷಯ ಅರ್ಧವಾಗುತ್ತದೆ.

ನಮ್ಮಲ್ಲಿ ಕೈಗೆಲಸ ಬಲ್ಲ ಹಿರಿಯರು ಉದಾರಿಗಳು. ಹುಡುಗಿಯೊಬ್ಬಳು ಸಿಕ್ಕಾದ ಕೆಲಸವನ್ನು ಹಿಡಿದು ಬಂದರೆ, "ತಾ ಇಲ್ಲಿ" ಎಂದು ಕೈಯಿಂದ ಕಿತ್ತುಕೊಂಡು, ಕನ್ನಡಕ ಏರಿಸಿ, ಚಕಚಕನೆ ನಾಲ್ಕು ಮನೆ ಕಟ್ಟಿ, "ನೋಡು, ಹೀಗೆ" ಎಂದು ಹಿಂದಕ್ಕೆ ಕೊಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಹುಡುಗಿ ಮಣಿಯ ಬಳೆಯನ್ನು ಪಡೆದಳು, ಹೆಣಿಗೆಯನ್ನು ಪಡೆಯಲಿಲ್ಲ. ಮರುದಿನ ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತಾಳೆ. ಎರಡು ಸಲ ಕೇಳಿದವಳು ಮೂರನೆಯ ಸಲ ಸಂಕೋಚದಿಂದ ಕೇಳದೆ ಉಳಿಯುತ್ತಾಳೆ. ಕಲಿತ ಕೈ ಎಷ್ಟು ವೇಗವಾಗಿ ಓಡಿದರೆ ಕಲಿಯುವ ಕಣ್ಣಿಗೆ ಅಷ್ಟು ಕಡಮೆ ಕಾಣುತ್ತದೆ.

ಆದುದರಿಂದ ಸೂಜಿ ಅವಳ ಕೈಯಲ್ಲಿಯೇ ಇರಲಿ. ನಿಮ್ಮ ಬಾಯಿ ಕೆಲಸ ಮಾಡಲಿ. ತಪ್ಪಿದಾಗ ತಕ್ಷಣ ತಿದ್ದದೆ, "ಈ ಗೋಡೆಗೆ ಎಷ್ಟು ಕಂಬ ಆಗಲೇ ಇದೆ, ಎಣಿಸು" ಎಂದು ಕೇಳಿರಿ. ಎಣಿಸಿದ ಮೇಲೆ ಅವಳೇ ಹೆಚ್ಚಿನ ಮಣಿಯನ್ನು ಕೆಳಗಿಳಿಸುತ್ತಾಳೆ. ಆ ಒಂದು ಮಣಿಯನ್ನು ತಾನೇ ಇಳಿಸಿದವಳು ಮುಂದೆ ಆ ತಪ್ಪನ್ನು ಮಾಡುವುದು ಅಪರೂಪ. ಮಾಡಿ ತೋರಿಸಲೇಬೇಕಾದರೆ ನಿಮ್ಮದೇ ಬೇರೆ ದಾರ, ಬೇರೆ ಮಣಿ ಇಟ್ಟುಕೊಂಡು ಒಂದೊಂದೇ ಹೆಜ್ಜೆ ತೋರಿಸಿರಿ. ಅವಳು ತನ್ನದರಲ್ಲಿ ಅನುಸರಿಸಲಿ.

ಕಲಿಯುವವರೂ ಸಂಕೋಚವನ್ನು ಬದಿಗಿಟ್ಟು, "ಅಮ್ಮಾ, ನಾನೇ ಹಾಯಿಸುತ್ತೇನೆ, ತಪ್ಪಿದರೆ ಹೇಳಿ" ಎಂದು ಮೊದಲೇ ವಿನಯದಿಂದ ಹೇಳಿಬಿಡಬೇಕು. ಹೊತ್ತು ಗೊತ್ತು ನೋಡಿಕೊಂಡು ಹೋಗಬೇಕು. ಹೆಣೆದು ಮಾರಿ ಜೀವನ ಸಾಗಿಸುವವರಾದರೆ ಅವರ ಹೊತ್ತಿಗೆ ಬೆಲೆ ಉಂಟೆಂಬುದನ್ನು ಮರೆಯಬಾರದು. ಸಂಗೀತ ಪಾಠಕ್ಕೆ ಕೊಡುವಂತೆ ಇದಕ್ಕೂ ಸಂಭಾವನೆಯನ್ನು ಕೇಳಿ ಕೊಡುವುದರಲ್ಲಿ ಇಬ್ಬರಿಗೂ ಗೌರವವಿದೆ.

ಬೇರೆ ಹೆಣಿಗೆಗಳಿಗೂ ಇದೇ ದಾರಿ

ಘನಾಕಾರದ ಹೆಣಿಗೆಯನ್ನು ಉದಾಹರಣೆಗಾಗಿ ಎತ್ತಿಕೊಂಡೆವು. ಬೇರೆಯವೂ ಇವೆ. ದಕ್ಷಿಣ ಆಫ್ರಿಕದ ಎನ್‌ಡೆಬೆಲೆ ಜನಾಂಗದ ಮಹಿಳೆಯರ ಹೆಸರಿನಿಂದ ಪ್ರಸಿದ್ಧವಾದ ಹೆಣಿಗೆಯಲ್ಲಿ ಮಣಿಗಳು ಎರಡೆರಡಾಗಿ ಒಂದರ ಕಡೆಗೊಂದು ಓರೆಯಾಗಿ ವಾಲಿ, ಮೀನಿನ ಮುಳ್ಳಿನ ಸಾಲಿನಂತೆ ಕಾಣುತ್ತವೆ. ಅಮೆರಿಕದ ಮೂಲನಿವಾಸಿಗಳ ಕೆಲಸದಿಂದ ಪೆಯೋಟಿ ಎಂದು ಹೆಸರಾದ ಹೆಣಿಗೆಯಲ್ಲಿ ಮಣಿಗಳು ಇಟ್ಟಿಗೆಯ ಗೋಡೆಯನ್ನು ಪಕ್ಕಕ್ಕೆ ತಿರುಗಿಸಿದಂತೆ ಒಂದು ಬಿಟ್ಟು ಒಂದು ಕೂರುತ್ತವೆ. ಅದರಲ್ಲಿ ಸಾಲಿನ ಮಣಿಗಳು ಸಮಸಂಖ್ಯೆಯಲ್ಲಿದ್ದರೆ ಹಿಂದಿರುಗುವುದು ಸುಲಭ; ಬೆಸಸಂಖ್ಯೆಯಲ್ಲಿದ್ದರೆ ಅಂಚಿನಲ್ಲಿ ದಾರ ಬಳಸಿಕೊಂಡು ಬರಬೇಕಾಗುತ್ತದೆ. ಅಲ್ಲಿಯೂ ಕಲಿಯುವವರು ನಿಲ್ಲುವುದು ಆ ಅಂಚಿನಲ್ಲಿಯೇ. ಯಾವ ಹೆಣಿಗೆಯಾದರೂ ನಡುವಿನ ನಡಿಗೆಯನ್ನು ಯಾವ ಪುಸ್ತಕದಿಂದಲಾದರೂ ಕಲಿಯಬಹುದು. ತಿರುವಿನಲ್ಲಿ ಮಾತ್ರ ಗುರು ಬೇಕಾಗುತ್ತಾರೆ. ಆದುದರಿಂದ ಕೇಳುವ ಪ್ರಶ್ನೆ ಸದಾ ತಿರುವನ್ನು ಕುರಿತಿರಲಿ.

ಕಲಿತ ಮೇಲೆ ಮಾಡಬೇಕಾದುದು ಇನ್ನೊಂದಿದೆ. ದಾರದ ದಾರಿಯನ್ನು ಕಾಗದದ ಮೇಲೆ ಬಾಣದ ಗುರುತುಗಳಿಂದ ಬರೆದಿಡಬೇಕು. ಮೂರು, ಎರಡು, ಎರಡು, ಒಂದು ಎಂಬ ಲೆಕ್ಕವನ್ನು ಪಕ್ಕದಲ್ಲಿ ನಮೂದಿಸಬೇಕು. ಮನೆಯಲ್ಲಿ ಹಳೆಯ ತೋರಣವೋ ಬೀಸಣಿಗೆಯೋ ಇದ್ದು ಅದರ ದಾರ ಸಡಿಲವಾಗಿದ್ದರೆ, ಹೊಸ ದಾರದಲ್ಲಿ ಪೋಣಿಸುವ ಆತುರದಿಂದ ಕತ್ತರಿ ಹಾಕಬೇಡಿರಿ. ಮೊದಲು ಚಿತ್ರ ತೆಗೆದು, ಒಂದು ಮೂಲೆಯಲ್ಲಿ ದಾರ ಹೇಗೆ ಹೊಕ್ಕಿದೆಯೆಂದು ನೋಡಿ ಬರೆದುಕೊಳ್ಳಿರಿ. ಅದನ್ನು ಹೆಣೆದವರು ಇನ್ನೂ ಇದ್ದರೆ ಅವರ ಕೈಗೆ ದೊಡ್ಡ ಮಣಿಗಳನ್ನೂ ದಪ್ಪ ದಾರವನ್ನೂ ಕೊಟ್ಟು ಮೂರು ಸಾಲು ಹೆಣೆಸಿರಿ. ಕಣ್ಣು ಮಂಜಾಗಿದ್ದರೂ ಬೆರಳಿಗೆ ನೆನಪಿರುವುದುಂಟು. "ಈಗೆಲ್ಲ ಮರೆತುಹೋಯಿತಮ್ಮ" ಎಂದು ಹೇಳುತ್ತಲೇ ಸೂಜಿ ಹಿಡಿದ ಮೇಲೆ ತಾವಾಗಿಯೇ ಮುಂದುವರಿಯುವ ಅಜ್ಜಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ.

ಅವರನ್ನು ಕೇಳುವುದಕ್ಕೆ ಬಳೆಯೊಂದು ಕೆಡುವವರೆಗೆ ಕಾಯಬೇಕಾಗಿಲ್ಲ. ಕೆಂಪು ಮಣಿ ಎಂಟು, ಬಿಳಿಯ ಮಣಿ ನಾಲ್ಕು, ಒಂದು ಸೂಜಿ, ಒಂದು ಮೊಳ ದಾರ ಇದ್ದರೆ ಮೊದಲ ಮನೆ ಎದ್ದು ನಿಲ್ಲುತ್ತದೆ. ಈ ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಅದನ್ನು ಕಟ್ಟಲು ಕುಳಿತುಕೊಳ್ಳಿರಿ. ನಾಲ್ಕನೆಯ ಗೋಡೆಗೆ ಬಂದಾಗ ಪಕ್ಕದಲ್ಲಿ ಯಾರಾದರೂ ಇರುವಂತೆ ನೋಡಿಕೊಳ್ಳಿರಿ.